ಹೊಟ್ಟೆನೋವೆಲ್ಲ ಗ್ಯಾಸ್ ಅಲ್ಲ: ವಿಟಮಿನ್ ಕೆ ನಮಗೆ ಕಲಿಸಿದ ಪಾಠ

ನಮ್ಮ ಪತ್ರಿಕೆಯಲ್ಲಿ ಬೆಳೆ, ಗೊಬ್ಬರ, ದನಕರುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಸಲ ನಾನು ಮನುಷ್ಯನ ರಕ್ತ ಮತ್ತು ಕರುಳಿನ ಬಗ್ಗೆ ಬರೆಯುತ್ತಿದ್ದೇನೆ. ಆದರೆ ಇದರಲ್ಲಿ ಇಲಿ ಪಾಷಾಣ ಬರುತ್ತದೆ, ದನದ ಮೇವು ಬರುತ್ತದೆ, ಹಿತ್ತಲ ಸೊಪ್ಪೂ ಬರುತ್ತದೆ. ಹಾಗಾಗಿ ಇದು ರೈತರ ಮನೆಯ ವಿಷಯವೇ. ನಾನು ಓದಿದ್ದು ಏಳನೇ ಕ್ಲಾಸು. ಇಲ್ಲಿ ಬರೆದಿರುವುದು ದಾವಣಗೆರೆಯ ವೈದ್ಯರು ನಮಗೆ ಬಿಡಿಸಿ ಹೇಳಿದ್ದು, ನರ್ಸಿಂಗ್ ಓದುತ್ತಿರುವ ನಮ್ಮಣ್ಣನ ಮಗಳು ಪುಸ್ತಕ ನೋಡಿ ತಿಳಿಸಿದ್ದು, ಮತ್ತು ನಾವು ಅನುಭವಿಸಿದ್ದು.

ನಡೆದದ್ದೇನು

ನಮ್ಮದು ಮಾಯಕೊಂಡದ ಹತ್ತಿರ ಮಳೆ ನಂಬಿದ ಜಮೀನು. ಮೆಕ್ಕೆಜೋಳ, ಅಕ್ಕಡಿ ಸಾಲಿನಲ್ಲಿ ತೊಗರಿ. ಅಣ್ಣನಿಗೆ ಅರವತ್ತು ದಾಟಿದೆ. ಚಿಕ್ಕಂದಿನಲ್ಲಿ ಅವನಿಗೆ ಗಂಟಲು ಬೇನೆ, ಜ್ವರ, ಮಂಡಿ ಬಾವು ಬಂದು ತಿಂಗಳುಗಟ್ಟಲೆ ಮಲಗಿದ್ದ. ಆಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆ ಜ್ವರವೇ ಹೃದಯದ ವಾಲ್ವಿಗೆ ಪೆಟ್ಟು ಕೊಟ್ಟಿತ್ತು ಅಂತ ತಿಳಿದದ್ದು ಐವತ್ತು ದಾಟಿ ಏದುಸಿರು ಶುರುವಾದ ಮೇಲೆ. ಎಂಟು ವರ್ಷದ ಹಿಂದೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಕೃತಕ ವಾಲ್ವು ಹಾಕಿದರು. ಕೃತಕ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿ ಕೂರುವ ಅಪಾಯ ಇರುತ್ತದೆ. ಹಾಗಾಗಬಾರದು ಅಂತ ಬದುಕಿರುವವರೆಗೆ ದಿನಾ ಸಂಜೆ ಒಂದು ಮಾತ್ರೆ ನುಂಗಬೇಕು. ನಮ್ಮ ಕಡೆ ಅದಕ್ಕೆ ‘ರಕ್ತ ತೆಳು ಮಾಡೋ ಮಾತ್ರೆ’ ಎನ್ನುತ್ತಾರೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಹೆಚ್ಚೋ ಕಡಿಮೆಯೋ ನೋಡಬೇಕು. ಆ ಪರೀಕ್ಷೆಗೆ ಐ.ಎನ್.ಆರ್. ಅಂತ ಹೆಸರು.

ಹೋದ ವರ್ಷ ಮುಂಗಾರಿನಿಂದ ಸುಗ್ಗಿಯವರೆಗೆ ಅಣ್ಣ ಪರೀಕ್ಷೆಗೆ ಹೋಗಲೇ ಇಲ್ಲ. ಇವತ್ತು ಎಡೆ ಹೊಡೆಯೋದು, ನಾಳೆ ಗೊಬ್ಬರ ಹಾಕೋದು ಅಂತ ಮೂರು ತಿಂಗಳು ಕಳೆಯಿತು. ತೆನೆ ಮುರಿಯುವ ಹೊತ್ತಿಗೆ ಅವನಿಗೆ ಭೇದಿ ಹಿಡಿಯಿತು. ಒಂದು ಔಷಧಿ ಅಂಗಡಿಯಲ್ಲಿ ಕೇಳಿ ಮೆಟ್ರೊನಿಡಜೋಲ್ ಎಂಬ ಭೇದಿ ಮಾತ್ರೆ ತಂದು ವಾರ ನುಂಗಿದ. ಜೊತೆಗೆ ಸೊಂಟನೋವಿಗೆ ಒಂದು ನೋವಿನ ಮಾತ್ರೆ. ಅಂಗಡಿಯವರು ಬೇರೆ ಏನಾದರೂ ಮಾತ್ರೆ ತಗೊಳ್ತೀರಾ ಅಂತ ಕೇಳಲಿಲ್ಲ, ಇವನೂ ಹೇಳಲಿಲ್ಲ. ಹೊಟ್ಟೆ ಸರಿಯಿಲ್ಲ ಅಂತ ಸೊಪ್ಪು, ಪಲ್ಯ ಬಿಟ್ಟು ಬರೀ ಗಂಜಿ ಕುಡಿದ.

ಆಮೇಲೆ ಒಂದೊಂದಾಗಿ ಗುರುತು ಕಾಣಿಸಿದವು. ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಚೀಲ ಹೊತ್ತ ಭುಜದ ಮೇಲೆ ನೇರಳೆ ಹಣ್ಣಿನ ಬಣ್ಣದ ಕಲೆ. ಮೂತ್ರ ಕೆಂಪು. ‘ಬಿಸಿಲಿಗೆ ಉಷ್ಣ ಆಗೈತೆ’ ಅಂದ ಅಣ್ಣ. ನಾವೂ ಹೌದು ಅಂದೆವು. ಅಲ್ಲಿಗೇ ಎಚ್ಚೆತ್ತಿದ್ದರೆ ಒಂದು ರಕ್ತ ಪರೀಕ್ಷೆಯಲ್ಲಿ ಮುಗಿಯುತ್ತಿತ್ತು.

ಒಂದು ದಿನ ನಸುಕಿನಲ್ಲಿ ಹೊಕ್ಕಳ ಸುತ್ತ ನೋವು ಶುರುವಾಯಿತು. ಬಿಟ್ಟು ಬಿಟ್ಟು ಹಿಂಡುವ ನೋವು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬಿತು. ಹಸಿರು ಪಿತ್ತ ವಾಂತಿಯಾಯಿತು. ಮಲ ಇಲ್ಲ, ಗಾಳಿಯೂ ಹೋಗಲಿಲ್ಲ. ನಾವು ಏನು ಮಾಡಿದೆವು? ಓಂಕಾಳು ಕಷಾಯ ಕೊಟ್ಟೆವು, ಸೋಡಾ ಕುಡಿಸಿದೆವು. ಅತ್ತಿಗೆ ಹೊಟ್ಟೆಗೆ ಹರಳೆಣ್ಣೆ ಹಚ್ಚಿ ತಿಕ್ಕಿದರು. ಸಂಜೆ ಒಬ್ಬರು ಗ್ಯಾಸಿಗೆ ಅಂತ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ಆ ಜಾಗ ರಾತ್ರಿಯೊಳಗೆ ಅಂಗೈ ಅಗಲ ಕಪ್ಪಾಗಿ ಊದಿತು. ಅದನ್ನು ನೋಡಿಯೇ ಅಣ್ಣನ ಮಗಳು ಹೆದರಿದ್ದು. ‘ಚಿಕ್ಕಪ್ಪ, ಇದು ಗ್ಯಾಸ್ ಅಲ್ಲ. ಅಪ್ಪನ ರಕ್ತ ನಿಲ್ತಾ ಇಲ್ಲ. ಈಗ್ಲೇ ದಾವಣಗೆರೆಗೆ ಹೋಗಾನ’ ಅಂದಳು. ರಾತ್ರಿಯೇ ಹೊರಟೆವು. ಹೊರಡುವಾಗ ಅವಳು ಮಾಡಿನಲ್ಲಿದ್ದ ಮಾತ್ರೆ ಚೀಟಿಗಳನ್ನೆಲ್ಲ ಒಂದು ಕೈಚೀಲಕ್ಕೆ ಸುರಿದುಕೊಂಡಳು. ಆ ಕೈಚೀಲವೇ ಅಣ್ಣನನ್ನು ಉಳಿಸಿತು ಎಂದರೆ ತಪ್ಪಲ್ಲ.

ವೈದ್ಯರು ಕೇಳಿದ ಪ್ರಶ್ನೆ

ಎಕ್ಸ್‌ರೇಯಲ್ಲಿ ಕರುಳು ಉಬ್ಬಿ, ಒಳಗೆ ನೀರು ಗಾಳಿ ಮೆಟ್ಟಿಲು ಮೆಟ್ಟಿಲಾಗಿ ನಿಂತಿರುವುದು ಕಂಡಿತು. ಸಣ್ಣ ಕರುಳು ಕಟ್ಟಿಕೊಂಡಿದೆ ಅಂದರು. ರಕ್ತ ಪರೀಕ್ಷೆ ಬಂತು. ನಮ್ಮಂಥವರ ಐ.ಎನ್.ಆರ್. ಒಂದರ ಆಸುಪಾಸು ಇರುತ್ತದೆ. ಅಣ್ಣನಂತೆ ವಾಲ್ವು ಹಾಕಿಸಿಕೊಂಡವರಿಗೆ ಮಾತ್ರೆ ಕೊಟ್ಟು ಎರಡೂವರೆಯಿಂದ ಮೂರೂವರೆ ಒಳಗೆ ಇಟ್ಟಿರುತ್ತಾರೆ. ಅವತ್ತು ಅಣ್ಣನದು ಹತ್ತು ದಾಟಿತ್ತು.

ವೈದ್ಯರು ನಮ್ಮನ್ನು ಪಕ್ಕಕ್ಕೆ ಕರೆದು ಕೇಳಿದರು: ‘ಮನೇಲಿ ಇಲಿ ಪಾಷಾಣ ಇದೆಯಾ? ಇವರು ಏನಾದ್ರೂ ತಗೊಂಡಿದ್ದಾರಾ? ಮುಚ್ಚಿಡಬೇಡಿ.’

ಅತ್ತಿಗೆ ಅಲ್ಲೇ ಕುಸಿದು ಕೂತರು. ನನಗೂ ಎದೆ ಝಲ್ಲೆಂದಿತು. ಜೋಳದ ರಾಶಿಗೆ ಇಲಿ ಬೀಳುತ್ತವೆ ಅಂತ ನಾನೇ ತಂದ ಪಾಷಾಣದ ಬಿಲ್ಲೆ ಅಟ್ಟದ ಮೇಲಿತ್ತು. ಸೊಸೈಟಿ ಸಾಲವೂ ಇತ್ತು. ಒಂದು ಗಳಿಗೆ ನಾನೂ ಅಣ್ಣನ ಮೇಲೆ ಅನುಮಾನಪಟ್ಟೆ. ಒಳಗೆ ಹೋಗಿ ಕೇಳಿದೆ. ಮೂಗಿನಲ್ಲಿ ನಳಿಕೆ ಹಾಕಿಸಿಕೊಂಡು ಮಲಗಿದ್ದ ಅಣ್ಣ, ‘ಇಲ್ಲ ಕಣೋ ತಮ್ಮಾ, ಆಣೆಗೂ ಇಲ್ಲ’ ಅಂದ. ಆಗ ಮಗಳು ಕೈಚೀಲ ಬಿಚ್ಚಿದಳು. ವೈದ್ಯರು ಭೇದಿ ಮಾತ್ರೆಯ ಚೀಟಿ ತೆಗೆದು ನೋಡಿ, ‘ಸಿಕ್ತು’ ಅಂದರು.

ಆ ಭೇದಿ ಮಾತ್ರೆ ಕೆಟ್ಟದ್ದಲ್ಲ. ಆದರೆ ರಕ್ತ ತೆಳು ಮಾಡುವ ಮಾತ್ರೆಯನ್ನು ನಮ್ಮ ಲಿವರ್ ದಿನಾ ಸ್ವಲ್ಪ ಸ್ವಲ್ಪ ಕರಗಿಸಿ ಹೊರಹಾಕಬೇಕು. ಇದು ಜೊತೆಗೆ ಸೇರಿದರೆ ಆ ಕೆಲಸಕ್ಕೆ ಅಡ್ಡಿಯಾಗುತ್ತದೆ. ಕೋಡಿ ಕಟ್ಟಿದ ಕೆರೆಗೆ ದಿನಾ ನೀರು ಬಂದಂತೆ, ನುಂಗಿದ ಮಾತ್ರೆ ಮೈಯಲ್ಲೇ ಸೇರುತ್ತಾ ಹೋಗುತ್ತದೆ. ಅದರ ಮೇಲೆ ಸೊಪ್ಪು ತಿನ್ನದ ಹೊಟ್ಟೆ, ಭೇದಿ, ನೋವಿನ ಮಾತ್ರೆ ಎಲ್ಲ ಕೂಡಿದವು.

ಹಾಗಾದರೆ ವೈದ್ಯರು ಇಲಿ ಪಾಷಾಣ ಅಂತ ಯಾಕೆ ಕೇಳಿದರು? ಅದಕ್ಕೆ ರಕ್ತ ಹೇಗೆ ನಿಲ್ಲುತ್ತದೆ ಅಂತ ತಿಳಿಯಬೇಕು.

ಕುಳ ಮತ್ತು ಕುಲುಮೆ

ಕುಡುಗೋಲು ತಾಗಿ ಬೆರಳು ಕೊಯ್ದರೆ ಐದ್ಹತ್ತು ನಿಮಿಷದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇದಕ್ಕೆ ಬೇಕಾದ ಸಾಮಗ್ರಿಗಳನ್ನು ಲಿವರ್ ತಯಾರು ಮಾಡುತ್ತದೆ. ಅವುಗಳಲ್ಲಿ ನಾಲ್ಕು ಸಾಮಗ್ರಿಗಳು ಲಿವರಿನಲ್ಲಿ ತಯಾರಾದರೂ ಹಾಗೇ ಕೆಲಸಕ್ಕೆ ಬರುವುದಿಲ್ಲ. ಗಾಯದ ಜಾಗದಲ್ಲಿ ಹಿಡಿದು ನಿಲ್ಲಲು ಅವಕ್ಕೆ ಒಂದು ಕೊಕ್ಕೆ ಬೇಕು. ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಆ ಕೊಕ್ಕೆ ಹಿಡಿಯುತ್ತದೆ. ಆ ಕೊಕ್ಕೆ ಮಾಡುವ ಹತ್ಯಾರವೇ ವಿಟಮಿನ್ ಕೆ.

ಹತ್ಯಾರ ಒಂದು ಸಲ ಕೆಲಸ ಮಾಡಿದರೆ ಮೊಂಡಾಗುತ್ತದೆ. ನಮ್ಮ ನೇಗಿಲ ಕುಳ ಮೊಂಡಾದಾಗ ಕುಲುಮೆಗೆ ಒಯ್ದು ಹಣಿಸಿಕೊಂಡು ಬಂದು ಮತ್ತೆ ಹೂಡುವುದಿಲ್ಲವೇ, ಹಾಗೆ ಲಿವರಿನಲ್ಲೂ ಒಂದು ಕುಲುಮೆ ಇದೆ. ಮೊಂಡಾದ ವಿಟಮಿನ್ ಕೆಯನ್ನು ಅದು ಮತ್ತೆ ಹರಿತ ಮಾಡಿ ಕೊಡುತ್ತದೆ. ಆದ್ದರಿಂದಲೇ ನಮಗೆ ದಿನಕ್ಕೆ ಬೇಕಾದ ವಿಟಮಿನ್ ಕೆ ತೀರಾ ಕಡಿಮೆ, ನೂರು ಮೈಕ್ರೋಗ್ರಾಂ ಆಸುಪಾಸು. ಅಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು.

ಅಣ್ಣ ತಿನ್ನುವ ಮಾತ್ರೆ ಮಾಡುವುದು ಇಷ್ಟೇ: ಆ ಕುಲುಮೆಯ ಬೆಂಕಿ ಸ್ವಲ್ಪ ತಗ್ಗಿಸುತ್ತದೆ. ಜನ ‘ರಕ್ತ ತೆಳು’ ಅಂದರೂ ರಕ್ತಕ್ಕೆ ನೀರು ಸೇರುವುದಿಲ್ಲ. ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಅಷ್ಟೆ. ಅಳತೆಯಲ್ಲಿದ್ದರೆ ವಾಲ್ವು ಉಳಿಯುತ್ತದೆ. ಅಳತೆ ಮೀರಿದರೆ ಕುಲುಮೆ ಪೂರ್ತಿ ಆರಿಹೋಗಿ, ಪೆಟ್ಟೇ ಇಲ್ಲದೆ ರಕ್ತ ಸೋರುತ್ತದೆ. ಅಟ್ಟದ ಮೇಲಿದ್ದ ಇಲಿ ಬಿಲ್ಲೆಯೂ ಮಾಡುವುದು ಇದೇ ಕೆಲಸವನ್ನು. ಎರಡೂ ಒಂದೇ ಬಳಗದವು. ವೈದ್ಯರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ.

ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರೆ ಹೊಸ ಕುಳ ಕೊಟ್ಟಂತೆ. ಕುಲುಮೆ ಆರಿದ್ದರೂ ಕೆಲಸ ಸಾಗುತ್ತದೆ. ಆದರೆ ಲಿವರ್ ಸಾಮಗ್ರಿ ತಯಾರಿಸಿ ರಕ್ತಕ್ಕೆ ಬಿಡಲು ಕೆಲವು ಗಂಟೆ ಬೇಕೇ ಬೇಕು. ಅಲ್ಲಿಯವರೆಗೆ ತಡೆಯಲು ದಾನಿಗಳ ರಕ್ತದ ಮೇಲಿನ ತಿಳಿ, ಅಂದರೆ ಪ್ಲಾಸ್ಮಾ, ಕೊಡುತ್ತಾರೆ.

ಕರುಳು ಯಾಕೆ ಕಟ್ಟಿತು

ಸಣ್ಣ ಕರುಳು ಸುಮಾರು 20 ಅಡಿ ಉದ್ದದ ಮೆತ್ತನೆಯ ಕೊಳವೆ. ಸ್ಕ್ಯಾನಿನಲ್ಲಿ ಅಣ್ಣನ ಸಣ್ಣ ಕರುಳಿನ ಒಂದು ಭಾಗದ ಗೋಡೆಯೊಳಗೇ ರಕ್ತ ತುಂಬಿ ದಪ್ಪಗಾಗಿದ್ದು ಕಂಡಿತು. ಭುಜದ ಮೇಲೆ ಚರ್ಮದಡಿ ರಕ್ತ ನಿಂತು ಕಲೆಯಾಗಿತ್ತಲ್ಲ, ಅದೇ ಕರುಳಿನ ಗೋಡೆಯಲ್ಲೂ ಆಗಿತ್ತು. ಗೋಡೆ ಒಳಮುಖವಾಗಿ ಊದಿ ದಾರಿ ಮುಚ್ಚಿತ್ತು. ಡ್ರಿಪ್ಪಿನ ಪೈಪು ಹೊರಗೆ ಚೆನ್ನಾಗಿದ್ದು ಒಳಗೆ ಪಾಚಿ ಕಟ್ಟಿದರೆ ನೀರು ಹೇಗೆ ನಿಲ್ಲುತ್ತದೋ ಹಾಗೆ. ಹಿಂದಿನಿಂದ ಬರುವ ಪಿತ್ತ, ನೀರು, ಗಾಳಿ ಅಲ್ಲೇ ನಿಂತು ಹೊಟ್ಟೆ ಉಬ್ಬಿ ವಾಂತಿಯಾಗುತ್ತದೆ.

ಶಸ್ತ್ರಚಿಕಿತ್ಸೆಯ ವೈದ್ಯರು ಬಂದು ನೋಡಿ ಹೇಳಿದರು: ‘ಈಗ ಹೊಟ್ಟೆ ಕೊಯ್ದರೆ ರಕ್ತ ನಿಲ್ಲಲ್ಲ. ಕರುಳು ಕೊಳೆತಿರೋ ಲಕ್ಷಣ ಕಾಣ್ತಿಲ್ಲ. ರಕ್ತ ಸರಿಯಾದ್ರೆ ಕರುಳು ತಾನೇ ಬಿಡುತ್ತೆ. ಕಾಯೋಣ.’ ಬಾಯಿಗೆ ಏನೂ ಕೊಡಲಿಲ್ಲ. ಮೂಗಿನ ನಳಿಕೆಯಿಂದ ಹಸಿರು ನೀರು ತೆಗೆದರು. ಗ್ಲೂಕೋಸ್ ಹಾಕಿದರು. ಪ್ಲಾಸ್ಮಾ ಕೊಟ್ಟರು. ವಿಟಮಿನ್ ಕೆಯನ್ನು ನರಕ್ಕೆ ನಿಧಾನವಾಗಿ, ಲೆಕ್ಕ ಹಾಕಿ ಕೊಟ್ಟರು. ‘ಜಾಸ್ತಿ ಕೊಟ್ಟು ಬೇಗ ಗುಣ ಮಾಡಿ ಸಾರ್’ ಅಂತ ನಾನು ಕೈಮುಗಿದೆ. ಅದಕ್ಕೆ ಅವರು, ‘ಹಾಗಲ್ಲ ಯಜಮಾನ್ರೇ. ಜಾಸ್ತಿ ಕೊಟ್ರೆ ವಾಲ್ವಿನ ಮೇಲೆ ಹೆಪ್ಪು ಕೂರುತ್ತೆ, ಕಡಿಮೆ ಕೊಟ್ರೆ ಕರುಳಲ್ಲಿ ರಕ್ತ ನಿಲ್ಲಲ್ಲ. ಎರಡೂ ಜೀವಕ್ಕೆ ಕಷ್ಟ’ ಅಂದರು. ಎರಡು ದಿನ ಆ ಎರಡರ ನಡುವೆ ನಾವು ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದೆವು. ಮನೆಯಲ್ಲಿ ಮುರಿದ ತೆನೆ ಹಾಗೇ ಬಿದ್ದಿತ್ತು. ನಾಲ್ಕನೇ ದಿನ ಬೆಳಗ್ಗೆ ಅಣ್ಣನಿಗೆ ಗಾಳಿ ಹೋಯಿತು. ಅಂಥ ಸುದ್ದಿಗೆ ಮನೆಮಂದಿಯೆಲ್ಲ ಸಂತೋಷಪಡುತ್ತಾರೆ ಅಂತ ನಾನು ಎಂದೂ ಎಣಿಸಿರಲಿಲ್ಲ. ವಾರಕ್ಕೆ ಗಂಜಿ, ಹತ್ತನೇ ದಿನಕ್ಕೆ ಮನೆ. ರಕ್ತ ತೆಳು ಮಾಡುವ ಮಾತ್ರೆಯನ್ನು ಹೊಸ ಅಳತೆಯಲ್ಲಿ ಮತ್ತೆ ಶುರು ಮಾಡಿದರು.

ಎಲ್ಲರ ಕರುಳೂ ಹೀಗೆ ತಾನೇ ಬಿಡುವುದಿಲ್ಲ. ಹಿಂದೆ ಹೊಟ್ಟೆ ಆಪರೇಷನ್ ಆದವರಲ್ಲಿ ಒಳಗೆ ಅಂಟಿಕೊಂಡ ಪಟ್ಟಿಗಳಿಂದ ಕರುಳು ಕಟ್ಟುತ್ತದೆ. ಹರ್ನಿಯಾ ಸಿಕ್ಕಿಹಾಕಿಕೊಂಡರೆ, ಕರುಳು ತಿರುಚಿಕೊಂಡರೆ, ಕರುಳಿನ ಕ್ಷಯವಿದ್ದರೆ, ಮಕ್ಕಳಲ್ಲಿ ಜಂತುಹುಳು ಗುಂಪುಗಟ್ಟಿದರೆ ಕೂಡ ಕಟ್ಟುತ್ತದೆ. ತಿರುಚಿದ ಕರುಳಿಗೆ ರಕ್ತ ನಿಂತರೆ ಗಂಟೆಗಳಲ್ಲಿ ಕೊಳೆಯುತ್ತದೆ. ಆಗ ತಡಮಾಡದೆ ಆಪರೇಷನ್ ಆಗಬೇಕು. ಯಾವುದು ಯಾವುದು ಎಂದು ಮನೆಯಲ್ಲಿ ತಿಳಿಯುವ ಮಾತಲ್ಲ.

ಇದರ ತಿರುವು ಮುರುವೂ ಆಗುತ್ತದೆ. ವಿಟಮಿನ್ ಕೆ ಕೊಬ್ಬಿನಲ್ಲಿ ಕರಗುವಂಥದ್ದು. ಪಿತ್ತರಸ ಸೇರಿದರೆ ಮಾತ್ರ ಸಣ್ಣ ಕರುಳು ಅದನ್ನು ಹೀರಿಕೊಳ್ಳುತ್ತದೆ. ಕರುಳು ಕಟ್ಟಿ ಹಲವು ದಿನ ಬಾಯಿಗೆ ಅನ್ನವಿಲ್ಲದೆ ಬರೀ ಗ್ಲೂಕೋಸಿನ ಮೇಲೆ ಇದ್ದವರಿಗೆ, ಜೊತೆಗೆ ಆ್ಯಂಟಿಬಯಾಟಿಕ್ ನಡೆಯುತ್ತಿದ್ದವರಿಗೆ, ಪಿತ್ತನಾಳ ಮುಚ್ಚಿ ಕಾಮಾಲೆ ಆದವರಿಗೆ, ಸಣ್ಣ ಕರುಳಿನ ಬಹುಭಾಗ ತೆಗೆಸಿದವರಿಗೆ ವಿಟಮಿನ್ ಕೆ ಕೊರತೆಯಾಗಿ ರಕ್ತ ಸೋರಬಹುದು. ಮೈಯಲ್ಲಿ ಇದರ ದಾಸ್ತಾನು ಬಹಳ ಇರುವುದಿಲ್ಲ. ಹಾಗಾಗಿ ಕರುಳು ಕೆಟ್ಟರೆ ರಕ್ತ ಕೆಡಬಹುದು, ರಕ್ತ ಕೆಟ್ಟರೆ ಕರುಳು ಕಟ್ಟಬಹುದು.

ಇದನ್ನೆಲ್ಲ ಮೊದಲು ತೋರಿಸಿದ್ದು ಕೋಳಿ ಮತ್ತು ದನ

ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್‌ನಲ್ಲಿ ಹೆನ್ರಿಕ್ ಡ್ಯಾಮ್ ಎಂಬ ವಿಜ್ಞಾನಿ 1929ರ ಸುಮಾರಿಗೆ ಕೋಳಿ ಮರಿಗಳಿಗೆ ಕೊಬ್ಬು ತೆಗೆದ ಆಹಾರ ಹಾಕಿ ಪ್ರಯೋಗ ಮಾಡುತ್ತಿದ್ದರು. ಮರಿಗಳ ಚರ್ಮದಡಿ ರಕ್ತ ಒಸರತೊಡಗಿತು. ಆಗ ಗೊತ್ತಿದ್ದ ಯಾವ ವಿಟಮಿನ್ ಕೊಟ್ಟರೂ ನಿಲ್ಲಲಿಲ್ಲ. ಹಸಿರು ಸೊಪ್ಪಿನಲ್ಲಿ, ಹಂದಿಯ ಲಿವರಿನಲ್ಲಿ ಇದನ್ನು ತಡೆಯುವ ಅಂಶ ಸಿಕ್ಕಿತು. 1935ರಲ್ಲಿ ಅದಕ್ಕೆ ವಿಟಮಿನ್ ಕೆ ಎಂದು ಹೆಸರಿಟ್ಟರು. ಹೆಪ್ಪುಗಟ್ಟುವುದಕ್ಕೆ ಅವರ ಭಾಷೆಯಲ್ಲಿರುವ ಪದ ‘ಕೆ’ ಅಕ್ಷರದಿಂದ ಶುರುವಾಗುತ್ತದೆ. 1939ರಲ್ಲಿ ಲೂಸರ್ನ್ ಮೇವಿನಿಂದ ಇದನ್ನು ಬೇರ್ಪಡಿಸಿದರು. ಡ್ಯಾಮ್ ಅವರಿಗೂ ಅಮೆರಿಕದ ಎಡ್ವರ್ಡ್ ಡಾಯ್ಸಿ ಅವರಿಗೂ 1943ರ ನೊಬೆಲ್ ಬಹುಮಾನ ಸಿಕ್ಕಿತು.

ರಕ್ತ ತೆಳು ಮಾಡುವ ಮಾತ್ರೆಯ ಕಥೆ ಶುರುವಾದದ್ದು ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಅಮೆರಿಕದ ಉತ್ತರ ಭಾಗ ಮತ್ತು ಕೆನಡಾದಲ್ಲಿ ದನಗಳು ಕಾರಣವಿಲ್ಲದೆ ರಕ್ತ ಸೋರಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ, ಬೀಜ ಒಡೆಸಿದರೆ ರಕ್ತ ನಿಲ್ಲುತ್ತಲೇ ಇರಲಿಲ್ಲ. ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯ ವಿಜ್ಞಾನಿ ಇದಕ್ಕೆ ಕಾರಣ ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಒಣಮೇವು ಎಂದು ತೋರಿಸಿದರು. ಅದೇ ಮೇವು ಚೆನ್ನಾಗಿ ಒಣಗಿದ್ದರೆ ತೊಂದರೆ ಇರಲಿಲ್ಲ. ಆದರೆ ಬಡ ರೈತರು ಬೂಸಲು ಬಂದ ಮೇವನ್ನೂ ಎಸೆಯುವ ಸ್ಥಿತಿಯಲ್ಲಿರಲಿಲ್ಲ.

1933ರ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತ ಕಡಸನ್ನೂ, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ, ಬೂಸಲು ಮೇವಿನ ಹೊರೆಯನ್ನೂ ಲಾರಿಗೆ ಹಾಕಿಕೊಂಡು ಹಿಮದ ಗಾಳಿಯಲ್ಲಿ 190 ಮೈಲಿ ದಾಟಿ ಮ್ಯಾಡಿಸನ್ ವಿಶ್ವವಿದ್ಯಾಲಯಕ್ಕೆ ಬಂದ. ಅವತ್ತು ಶನಿವಾರ. ತೆರೆದಿದ್ದ ಬಾಗಿಲು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿಯದು. ಅವತ್ತು ರೈತನಿಗೆ ಕೊಡಲು ಅವರ ಬಳಿ ಪರಿಹಾರ ಇರಲಿಲ್ಲ; ಆ ಮೇವು ನಿಲ್ಲಿಸಿ, ಸಾಧ್ಯವಾದರೆ ಬೇರೆ ದನದ ರಕ್ತ ಕೊಡಿಸಿ ಎಂದಷ್ಟೇ ಹೇಳಿ ಕಳಿಸಿದರು. ಆದರೆ ಅವರ ತಂಡ ಆರು ವರ್ಷ ಬಿಡದೆ ದುಡಿದು 1939ರಲ್ಲಿ ಆ ಮೇವಿನಿಂದ ಡೈಕುಮರಾಲ್ ಎಂಬ ವಸ್ತು ತೆಗೆಯಿತು. ಅದರ ದಾರಿಯಲ್ಲೇ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು.

ಒಬ್ಬ ರೈತ ತನ್ನ ಕಷ್ಟವನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿ ಕೇಳಿದ್ದಕ್ಕೆ ಇವತ್ತು ನಮ್ಮ ಅಣ್ಣನ ವಾಲ್ವು ಓಡುತ್ತಿದೆ. ಬೂಸಲು ಹಿಡಿದ ಮೇವನ್ನು, ಅದು ಯಾವುದೇ ಇರಲಿ, ದನಕ್ಕೆ ಹಾಕಬಾರದು ಎಂಬ ಪಾಠವೂ ನಮಗೆ ಇದರಲ್ಲೇ ಇದೆ.

ಇಲಿ ಪಾಷಾಣ ಬಳಸುವವರಿಗೆ

ಈಗ ಅಂಗಡಿಯಲ್ಲಿ ಸಿಗುವ ಬ್ರೊಮಾಡಿಯೊಲೋನ್ ಬಿಲ್ಲೆ ವಾರ್ಫರಿನ್‌ಗಿಂತ ಬಹಳ ಗಡುಸು. ವಾರ್ಫರಿನ್ ಆದರೆ ಇಲಿ ಹಲವು ದಿನ ತಿನ್ನಬೇಕಿತ್ತು. ಇದು ಒಂದು ಸಲ ತಿಂದರೂ ಸಾಕು. ಆದರೂ ಇಲಿ ಕೂಡಲೇ ಸಾಯುವುದಿಲ್ಲ. ರಕ್ತದಲ್ಲಿ ಮೊದಲೇ ಇದ್ದ ಸಾಮಗ್ರಿ ಮುಗಿಯಲು ದಿನಗಳು ಬೇಕು. ಮಕ್ಕಳು ಅಥವಾ ದೊಡ್ಡವರು ತಿಂದರೂ ಅಷ್ಟೇ. ಮೊದಲ ಎರಡು ದಿನ ಚೆನ್ನಾಗಿಯೇ ಓಡಾಡುತ್ತಾರೆ. ‘ಏನೂ ಆಗಿಲ್ಲ’ ಅಂತ ಮನೆಗೆ ಕರೆತಂದರೆ ಆಮೇಲೆ ರಕ್ತಸ್ರಾವ ಶುರುವಾಗುತ್ತದೆ. ಇದು ಮೈಯಲ್ಲಿ ಬಹಳ ಕಾಲ ಉಳಿಯುವುದರಿಂದ ವಿಟಮಿನ್ ಕೆಯನ್ನು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ.

ಎಲ್ಲ ಇಲಿ ಪಾಷಾಣವೂ ಇದಲ್ಲ ಎಂಬುದು ಇನ್ನೂ ಮುಖ್ಯ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿ ವಿಷಾನಿಲ ಬಿಡುತ್ತದೆ. ರಂಜಕದ ಪೇಸ್ಟು ಲಿವರನ್ನೇ ಸುಡುತ್ತದೆ. ಈ ಎರಡಕ್ಕೂ ವಿಟಮಿನ್ ಕೆ ಮದ್ದಲ್ಲ. ಆದ್ದರಿಂದ ಆಸ್ಪತ್ರೆಗೆ ಓಡುವಾಗ ಪೊಟ್ಟಣ ಅಥವಾ ಡಬ್ಬಿ ತಪ್ಪದೆ ಒಯ್ಯಿರಿ. ಹೆಸರು ತಿಳಿದರೆ ಅರ್ಧ ಚಿಕಿತ್ಸೆ ಆದಂತೆ.

ಪಾಷಾಣ ತಿಂದ ಇಲಿಯನ್ನು ತಿಂದ ನಾಯಿ, ಬೆಕ್ಕು, ಗೂಬೆಗೂ ವಿಷ ತಟ್ಟುತ್ತದೆ. ನಮ್ಮ ಕೇರಿಯ ಒಂದು ನಾಯಿ ವಸಡಿನಲ್ಲಿ ರಕ್ತ ಸೋರಿ ಮಲಗಿತ್ತು. ಪಶುವೈದ್ಯರು ವಿಟಮಿನ್ ಕೆ ಕೊಟ್ಟ ಮೇಲೆ ಎದ್ದಿತು. ಸತ್ತ ಇಲಿಯನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಬೇಕು. ಪಾಷಾಣವನ್ನು ಬೀಗದಲ್ಲಿಡಿ. ಮಾತ್ರೆ, ಬಿಸ್ಕತ್ತು ಇಡುವ ಮಾಡಿನ ಹತ್ತಿರವೂ ತರಬೇಡಿ. ಸಾಲಸೋಲದಿಂದ ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ ಪಾಷಾಣ ಮನೆಯಲ್ಲಿ ಇಡಲೇಬೇಡಿ, ಅವರ ಜೊತೆ ಕೂತು ಮಾತಾಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡುತ್ತಾರೆ.

ಹಸುಗೂಸಿಗೆ ಒಂದು ಇಂಜೆಕ್ಷನ್

ಗರ್ಭದಲ್ಲಿ ತಾಯಿಯಿಂದ ಮಗುವಿಗೆ ಹೋಗುವ ವಿಟಮಿನ್ ಕೆ ಬಹಳ ಕಡಿಮೆ. ಎದೆಹಾಲಿನಲ್ಲೂ ಇದು ಕಡಿಮೆ. ಎದೆಹಾಲು ಬಿಟ್ಟು ಬೇರೆ ಕೊಡಿ ಅಂತ ಇದರ ಅರ್ಥವಲ್ಲ. ಹುಟ್ಟಿದ ಕೂಡಲೇ ತೊಡೆಗೆ ಒಂದು ಮಿಲಿಗ್ರಾಂ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರೆ ಸಾಕು. ತೂಕ ತೀರಾ ಕಡಿಮೆ ಇರುವ ಕೂಸಿಗೆ ಅರ್ಧ. ಆಸ್ಪತ್ರೆಯಲ್ಲಿ ಹುಟ್ಟುವ ಎಲ್ಲ ಮಕ್ಕಳಿಗೂ ಕೊಡಬೇಕೆಂದು ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಇದು ತಪ್ಪಿದ ಕೆಲವು ಮಕ್ಕಳಿಗೆ ಹೊಕ್ಕಳಲ್ಲಿ, ಕರುಳಲ್ಲಿ, ಮಿದುಳಲ್ಲೂ ರಕ್ತಸ್ರಾವವಾಗುತ್ತದೆ. ‘ಕೂಸಿಗೆ ಸೂಜಿ ಬೇಡ’ ಎನ್ನುವ ಅಜ್ಜಿಯರಿಗೆ ಇದನ್ನು ತಿಳಿಸಿ ಹೇಳಬೇಕು.

ಸೊಪ್ಪು ಬಿಡಬೇಕೆ?

ವಿಟಮಿನ್ ಕೆ ಹೆಚ್ಚಾಗಿ ಇರುವುದು ಹಸಿರು ಸೊಪ್ಪಿನಲ್ಲಿ. ನುಗ್ಗೆ, ಮೆಂತ್ಯ, ಪಾಲಕ್, ರಾಜಗಿರಿ, ಹೊನಗೊನ್ನೆ, ಹೊಲದ ಬೆರಕೆ ಸೊಪ್ಪು ಎಲ್ಲವೂ ಒಳ್ಳೆಯವೇ. ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳೂ ಸ್ವಲ್ಪ ತಯಾರಿಸುತ್ತವೆ. ಮುದ್ದೆಗೆ ಸೊಪ್ಪಿನ ಸಾರು, ಒಗ್ಗರಣೆಗೆ ಎಣ್ಣೆ ಇರುವ ಮನೆಯಲ್ಲಿ ಆರೋಗ್ಯವಂತರಿಗೆ ಇದರ ಕೊರತೆ ಬರುವುದು ಅಪರೂಪ.

ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಸೊಪ್ಪು ಪೂರ್ತಿ ಬಿಡಬೇಕು ಅಂತ ಊರಲ್ಲಿ ಮಾತಿದೆ. ಅದು ತಪ್ಪು. ವೈದ್ಯರು ಹೇಳಿದ್ದು: ‘ತಿನ್ನಿ, ಆದ್ರೆ ವಾರ ವಾರಕ್ಕೂ ಒಂದೇ ಸಮ ತಿನ್ನಿ.’ ಮಳೆಗಾಲ ಅಂತ ತಿಂಗಳು ಪೂರ್ತಿ ದಿನಾ ಸೊಪ್ಪು ತಿಂದು ಆಮೇಲೆ ಪೂರ್ತಿ ಬಿಟ್ಟರೆ ಮಾತ್ರೆಯ ಅಳತೆ ಏರುಪೇರಾಗುತ್ತದೆ. ಈಗ ನಮ್ಮ ಅತ್ತಿಗೆ ಸೋಮವಾರ, ಗುರುವಾರ ಸೊಪ್ಪಿನ ಸಾರು ಮಾಡುತ್ತಾರೆ, ವರ್ಷಪೂರ್ತಿ.

ನೆನಪಿಡಬೇಕಾದ್ದು

1. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ಹೊಟ್ಟೆನೋವು, ವಾಂತಿ, ಹೊಟ್ಟೆ ಉಬ್ಬರ ಬಂದರೆ ಗ್ಯಾಸ್ ಅಂತ ಕೂರಬೇಡಿ. ಅದೇ ದಿನ ಐ.ಎನ್.ಆರ್. ಮತ್ತು ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ವಾಹನ ಇಲ್ಲದಿದ್ದರೆ 108.

2. ವಸಡಿನ ರಕ್ತ, ಕೆಂಪು ಮೂತ್ರ, ಡಾಂಬರಿನಂಥ ಕಪ್ಪು ಮಲ, ಪೆಟ್ಟಿಲ್ಲದೆ ಬರುವ ನೀಲಿ ಕಲೆ ಮುನ್ಸೂಚನೆಗಳು. ತಲೆಗೆ ಪೆಟ್ಟಾದರೆ, ಜೋರು ತಲೆನೋವು ಬಂದರೆ ತಕ್ಷಣ ಹೋಗಬೇಕು.

3. ಯಾರಿಗೇ ಆಗಲಿ ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಮಲ ಗಾಳಿ ಎರಡೂ ನಿಂತರೆ ಹರಳೆಣ್ಣೆ, ಭೇದಿ ಔಷಧಿ ಕುಡಿಸಬೇಡಿ. ಹೊಟ್ಟೆ ತಿಕ್ಕಬೇಡಿ. ಬಾಯಿಗೆ ಏನೂ ಕೊಡದೆ ಕರೆದುಕೊಂಡು ಹೋಗಿ.

4. ಭೇದಿ, ನೋವು, ಜ್ವರ, ಚರ್ಮದ ಫಂಗಸ್ಸು ಯಾವುದಕ್ಕೇ ಮಾತ್ರೆ ತರಲಿ, ಅಂಗಡಿಯಲ್ಲೂ ವೈದ್ಯರಲ್ಲೂ ‘ನಾನು ರಕ್ತ ತೆಳು ಮಾಡೋ ಮಾತ್ರೆ ತಿಂತೀನಿ’ ಅಂತ ಮೊದಲು ಹೇಳಿ. ನಾಟಿ ಔಷಧಿಯವರಿಗೂ, ಹಲ್ಲು ಕೀಳುವವರಿಗೂ ಹೇಳಿ. ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಕೊಡಲು ಬಂದರೆ ತಡೆದು ಹೇಳಿ.

5. ಹೆದರಿ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ವಾಲ್ವು ಕಟ್ಟಿಕೊಳ್ಳಬಹುದು, ಲಕ್ವ ಹೊಡೆಯಬಹುದು. ವಿಟಮಿನ್ ಕೆ ಮಾತ್ರೆಯನ್ನು ತಾವಾಗಿ ನುಂಗಲೂ ಬೇಡಿ.

6. ವಿಟಮಿನ್ ಕೆ ಮದ್ದಾಗುವುದು ವಾರ್ಫರಿನ್, ಅಸೆನೊಕುಮರಾಲ್ ಮಾತ್ರೆಗಳಿಗೆ. ಈಚೆಗೆ ಬಂದಿರುವ ಡಾಬಿಗಾಟ್ರಾನ್, ರಿವರೋಕ್ಸಾಬಾನ್, ಅಪಿಕ್ಸಾಬಾನ್ ಹಾಗೂ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ. ಅವಕ್ಕೆ ಇದು ಮದ್ದಲ್ಲ. ಹಾಗಾಗಿ ಮಾತ್ರೆಯ ಹೆಸರು ಬರೆದ ಚೀಟಿ ಜೇಬಿನಲ್ಲಿರಲಿ.

7. ಮಕ್ಕಳಿಗೆ ಗಂಟಲು ಬೇನೆಯ ನಂತರ ಜ್ವರ, ಕೀಲು ಬಾವು ಬಂ ದರೆ ಬಿಡಬೇಡಿ, ತೋರಿಸಿ. ನಮ್ಮಣ್ಣನ ಕಷ್ಟ ಶುರುವಾದದ್ದೇ ಅಲ್ಲಿಂದ.

ಈಗ ನಮ್ಮ ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಮೊದಲ ಮಂಗಳವಾರಕ್ಕೆ ಕೆಂಪು ಗುರುತು ಹಾಕಿದ್ದೇವೆ. ಅವತ್ತು ಬಿತ್ತನೆಯಿರಲಿ, ಒಕ್ಕಲಿಯಿರಲಿ, ಅಣ್ಣ ದಾವಣಗೆರೆಗೆ ರಕ್ತ ಪರೀಕ್ಷೆಗೆ ಹೋಗಲೇಬೇಕು. ಅವನು ಹಿಂದೆಮುಂದೆ ನೋಡಿದರೆ ಅತ್ತಿಗೆ ಬಸ್ಸಿನ ದುಡ್ಡು ಕೈಗಿಟ್ಟು ಕಳಿಸುತ್ತಾರೆ. ಅಟ್ಟದ ಮೇಲಿನ ಬಿಲ್ಲೆ ಈಗ ಹೊಲದ ಶೆಡ್ಡಿನ ಪೆಟ್ಟಿಗೆಯಲ್ಲಿ, ಬೀಗದೊಳಗಿದೆ. ನಿಮ್ಮ ಮನೆಯಲ್ಲೂ ಇಂಥ ಮಾತ್ರೆ ನುಂಗುವವರಿದ್ದರೆ ಇದನ್ನು ಅವರಿಗೆ ಓದಿ ಹೇಳಿ.